ಬೀಗರು ಕೂತ ಕಂಬಳಿ

"ಒಂದು ಕಂಬಳಿ ಸಾಕಾ ಬೀಗರೇ? ಜೋಡಿ ನೂತುಕೊಡ್ತೀನಿ, ಹೇಳಿ!"

ಸಾಲಿಗ್ರಾಮದ ದಿನಸಿ ಅಂಗಡಿ ಚಿಕ್ಕಬಸಪ್ಪನವರು ಕಂಪಲಾಪುರದ ಷಣ್ಮುಖಪ್ಪನವರ ಜಗಲಿಯಲ್ಲಿ ಕೂತು ಹೀಗೆ ತೊಡೆ ತಟ್ಟಿದಾಗ, ಜೊತೆಗೆ ಬಂದು ಬಾಗಿಲ ಬಳಿ ನಿಂತಿದ್ದ ಅವರ ಹೆಂಡತಿ ಶಿವನಂಜಮ್ಮನವರ ಬಾಯಲ್ಲಿದ್ದ ಎಲೆಅಡಿಕೆ ಗಂಟಲಿಗೆ ಸಿಕ್ಕಿಕೊಂಡಿತು. ಸಿಕ್ಕಿಕೊಳ್ಳದೆ ಇನ್ನೇನು ಮಾಡೀತು? ಚಿಕ್ಕಬಸಪ್ಪನವರು ಹುಟ್ಟಿದ್ದು, ಬೆಳೆದದ್ದು, ಬೊಜ್ಜು ಬರಿಸಿಕೊಂಡದ್ದು ಎಲ್ಲ ಅಂಗಡಿಯಲ್ಲೇ. ಬೆಲ್ಲದಚ್ಚನ್ನು ಮೂಸಿ ನೋಡಿ ಯಾವ ಆಲೆಮನೆಯದು ಅಂತ ಹೇಳಬಲ್ಲವರು, ನಿಜ. ಆದರೆ ನೂಲು ಎಂದರೆ ಅವರ ಪಾಲಿಗೆ ಪೊಟ್ಟಣಕ್ಕೆ ಸುತ್ತುವ ದಾರ, ಅಷ್ಟೇ.

ವಿಷಯ ಇಷ್ಟು. ಷಣ್ಮುಖಪ್ಪನವರ ಮಗ ಬಸವರಾಜು ನಮ್ಮ ಕಡೆಯ ಹಳ್ಳಿಗಳಿಗೆ ಗ್ರಾಮಸೇವಕನಾಗಿ ಬಂದಿದ್ದ. ಸೈಕಲ್ ನಿಲ್ಲಿಸಿ ಅಂಗಡಿಯಲ್ಲಿ ನೀರು ಕೇಳಿದ. ನೀರು ತಂದುಕೊಟ್ಟವಳು ಚಿಕ್ಕಬಸಪ್ಪನವರ ಒಬ್ಬಳೇ ಮಗಳು ಸರ್ವಮಂಗಳ. ಅವತ್ತಿನಿಂದ ಹುಡುಗಿ ರುಬ್ಬುಗುಂಡಿನ ಮುಂದೆ ಕೂತರೆ ಏಳುವುದನ್ನೇ ಮರೆಯುತ್ತಿದ್ದಳು. ಮನೆಮಂದಿಯೆಲ್ಲ ಹಿಂದೆಂದೂ ತಿನ್ನದಷ್ಟು ಮೆತ್ತನೆಯ ದೋಸೆ ತಿನ್ನುತ್ತಿದ್ದರು. ತಾಯಿಗೆ ಅಷ್ಟು ಸಾಲದೆ? ಗಂಡನನ್ನು ಹೊರಡಿಸಿಕೊಂಡು ಕಂಪಲಾಪುರಕ್ಕೆ ಬಂದರು.

ಷಣ್ಮುಖಪ್ಪನವರು ಅಪ್ಪಟ ಖಾದಿ ಮನುಷ್ಯ. ಮೊಳಕಾಲಿಗೆ ಬರುವ ತೆಳ್ಳನೆ ಖಾದಿ ಪಂಚೆ, ಖಾದಿ ಅಂಗಿ. ಬೆಳಗ್ಗೆ ಎದ್ದು ನೂಲದೆ ಬಾಯಿಗೆ ನೀರು ಹಾಕುವವರಲ್ಲ. ವರದಕ್ಷಿಣೆಯ ಮಾತೆತ್ತಿದರೆ ಎದ್ದು ಹೋಗುವವರು. ಅವರು ಕೇಳಿದ್ದು ಒಂದೇ. ವೀಳ್ಯದ ಶಾಸ್ತ್ರದ ದಿನ ಎರಡೂ ಕಡೆಯ ಹಿರಿಯರು ಕೂರಲು ಗದ್ದುಗೆಗೆ ಕಂಬಳಿ ಹಾಸುತ್ತಾರಲ್ಲ, ಆ ಕಂಬಳಿಯ ನೂಲನ್ನು ಹೆಣ್ಣಿನ ತಂದೆ ತನ್ನ ಕೈಯಾರೆ ನೂತಿರಬೇಕು. ಬಜಾರಿನದು ಹಾಸಿದರೆ ತಾವು ಕೂರುವುದಿಲ್ಲ.

ಗದ್ದುಗೆಯ ಕಟ್ಟುಪಾಡು ನಿಮಗೆ ಗೊತ್ತಿರಬಹುದು. ಒಮ್ಮೆ ಕಂಬಳಿಯ ಮೇಲೆ ಕೂತ ಹಿರಿಯರು ಮಾತುಕತೆ ಮುಗಿದು ವೀಳ್ಯ ಕೈಬದಲಾಗುವ ತನಕ ಏಳಬಾರದು. ಎದ್ದರೆ ಸಂಬಂಧ ಮುರಿಯಿತು ಅಂತಲೇ ಲೆಕ್ಕ. ಈ ಕಟ್ಟನ್ನು ಹಿಡಿದುಕೊಂಡು ಆಟ ಆಡುವವರೊಬ್ಬರು ಆ ಮನೆತನದಲ್ಲಿದ್ದರು. ಷಣ್ಮುಖಪ್ಪನವರ ಸೋದರಮಾವ ಲಿಂಗಯ್ಯನವರು. ಕೂತರೆಂದರೆ ಬೆಳಗಿನಿಂದ ದೀಪ ಹಚ್ಚುವ ತನಕ ಮಾತು ಎಳೆದು, ಎದುರಿನವರು ಬೆನ್ನು ನೋವಿಗೆ ಸೋತು ಒಪ್ಪುವಂತೆ ಮಾಡುವುದು ಅವರ ವಿದ್ಯೆ. ಬಸವರಾಜುವಿಗೆ ಬಂದಿದ್ದ ಒಂದು ಸಂಬಂಧ ಒಬ್ಬಟ್ಟೋ ಚಿರೋಟಿಯೋ ಎಂಬುದರಲ್ಲಿ ಮುರಿದುಬಿದ್ದಿತ್ತು. ಇನ್ನೊಂದು, ವಾಲಗದವರು ಚಪ್ಪರದ ಯಾವ ಮೂಲೆಯಲ್ಲಿ ಕೂರಬೇಕು ಎಂಬುದರಲ್ಲಿ. ಎರಡು ಸಲವೂ ಲಿಂಗಯ್ಯನವರೇ ಎದ್ದು ಪಂಚೆ ಕೊಡವಿದ್ದರು.

ಬಸ್ಸಿನಲ್ಲಿ ವಾಪಸು ಬರುವಾಗ ಹುಣಸೂರು ದಾಟುತ್ತಿದ್ದ ಹಾಗೆ ಶಿವನಂಜಮ್ಮ ಕೇಳಿದರು:

"ಅಲ್ಲಾ, ನೀವು ಜಲ್ಮದಲ್ಲಿ ಒಂದು ಮೊಳ ನೂಲು ತೆಗ್ದಿದ್ದೀರಾ?"

"ಅದೇನು ಬ್ರಹ್ಮವಿದ್ಯೆ ಏನೇ? ಕುರಿಗೆ ತುಪ್ಪಟ ಬೆಳಸೋಕೆ ಬತ್ತದೆ, ನಂಗೆ ಹೊಸೆಯೋಕೆ ಬರಲ್ವಾ?"

ಶಿವನಂಜಮ್ಮ ಕಿಟಕಿಯ ಕಡೆ ತಿರುಗಿಕೊಂಡರು. ಮಗಳ ಹಣೆಬರಹ ಈಗ ಈ ಮನುಷ್ಯನ ಹತ್ತು ಬೆರಳುಗಳಲ್ಲಿತ್ತು. ಆ ಬೆರಳುಗಳಿಗೆ ಸ್ವಂತ ಅಂಗಿಯ ಗುಂಡಿ ಹಾಕಿಕೊಳ್ಳುವುದೇ ಕಷ್ಟವೆಂಬುದು ಆಕೆಗೆ ಗೊತ್ತಿತ್ತು.

ಮಾರನೆಯ ದಿನವೇ ಚಿಕ್ಕಬಸಪ್ಪನವರ ದಂಡಯಾತ್ರೆ ಚುಂಚನಕಟ್ಟೆ ದಾರಿಯ ಬೋರೆಯ ಕಡೆ ಹೊರಟಿತು. ಅಲ್ಲಿ ಕುರಿ ಕುಳ್ಳಯ್ಯನ ಹಟ್ಟಿ. ಕುರಿಯನ್ನೂ ಸಾಕುತ್ತಿದ್ದ, ಕಂಬಳಿಯನ್ನೂ ನೇಯುತ್ತಿದ್ದ. ಆಗ ತಾನೇ ಕತ್ತರಿಸಿದ ಕರಿ ತುಪ್ಪಟ ರಾಶಿ ಬಿದ್ದಿತ್ತು; ಗುಂಗುರು ಗುಂಗುರಾಗಿ, ಜಿಡ್ಡು ಜಿಡ್ಡಾಗಿ, ಒಳಗೆ ನೆಗ್ಗಿಲು ಮುಳ್ಳು, ಉತ್ತರಾಣಿ ಕಡ್ಡಿ, ಅಲ್ಲಲ್ಲಿ ಹಿಕ್ಕೆ. ಹೊಳೆಯಲ್ಲಿ ತೊಳೆದು, ಒಣಗಿಸಿ, ಕಸ ಆರಿಸಿ, ಬಿಲ್ಲಿನಲ್ಲಿ ಹೊಡೆದು ಹತ್ತಿಯ ಹಾಗೆ ಅರಳಿಸಿದ ಮೇಲೆ ನೂಲಬೇಕು ಅಂತ ಕುಳ್ಳಯ್ಯ ಹೇಳಿದ. ಬೇಕಾದರೆ ಅಷ್ಟನ್ನೂ ತನ್ನ ಹೆಂಡತಿ ಮಾಡಿಕೊಡುತ್ತಾಳೆ ಅಂತಲೂ ಹೇಳಿದ. ಚಿಕ್ಕಬಸಪ್ಪನವರು ಕೇಳಿಯಾರೇ? ಕೈಯಾರೆ ಅಂದಮೇಲೆ ಎಲ್ಲ ತಮ್ಮ ಕೈಯಾರೆಯೇ ಆಗಬೇಕು. ಬಿಲ್ಲನ್ನು ಕಿತ್ತುಕೊಂಡು ಒಂದು ಏಟು ಹೊಡೆದರು. ತಂತಿ ಉಣ್ಣೆಗೆ ಬೀಳಲಿಲ್ಲ, ನೇರವಾಗಿ ಬಂದು ಅವರ ಮೂಗಿಗೆ ಬಿತ್ತು. ಕಣ್ಣಲ್ಲಿ ನೀರು ಸುರಿಯುತ್ತಿರುವಾಗಲೇ ಅವರಿಗೆ ಜ್ಞಾನೋದಯವಾಯಿತು: ಈ ಗುಂಗುರನ್ನು ಕೆಡಿಸುವುದಾದರೂ ಯಾಕೆ? ಇದ್ದ ಹಾಗೇ ನೂತರೆ ನೂಲಿನ ಮೇಲೆ ಗುಂಗುರು ಕುಣಿಯುತ್ತದೆ. ಇಂಥ ಕಂಬಳಿ ಮೈಸೂರು ಸೀಮೆಯಲ್ಲೇ ಯಾರೂ ಕಂಡಿರಲಾರರು. ಈ ಕೊನೆಯ ಮಾತು ಮಾತ್ರ ಮುಂದೆ ಅಕ್ಷರಶಃ ನಿಜವಾಯಿತು.

ಇನ್ನು ತೊಳೆಯುವುದು. ಅದಕ್ಕೂ ಅವರ ಬಳಿ ಶಾಸ್ತ್ರ ಸಿದ್ಧವಾಗಿತ್ತು. ಉಣ್ಣೆಗೆ ಮೈಲಿಗೆ ಇಲ್ಲವೆಂದು ಹಿರಿಯರು ಮೊದಲಿನಿಂದ ನಡೆಸಿಕೊಂಡು ಬಂದಿಲ್ಲವೆ? ಮಡಿಗೆ ಒದ್ದೆ ಬಟ್ಟೆ ಸಿಕ್ಕದಿದ್ದರೆ ಕಂಬಳಿ ಹೊದ್ದರೂ ನಡೆಯುವುದಿಲ್ಲವೆ? ಹುಟ್ಟಾ ಶುದ್ಧವಾದ ಪದಾರ್ಥಕ್ಕೆ ಸ್ನಾನ ಮಾಡಿಸುವುದು ಅಧಿಕಪ್ರಸಂಗ. ಇಷ್ಟು ಹೇಳಿ, ಮೂಟೆಯನ್ನು ಗಾಡಿಗೆ ಹಾಕಿಸಿ, ಕುಳ್ಳಯ್ಯನ ಮನೆಯ ಒಂದು ಹಳೆಯ ರಾಟೆಯನ್ನೂ ಎರವಲು ಪಡೆದು ಮನೆಗೆ ಬಂದರು. ಅಷ್ಟು ಶುದ್ಧವಾದದ್ದನ್ನು ಇಡಲು ತಕ್ಕ ಜಾಗ ದೇವರಮನೆ. ಅಲ್ಲೇ ಇಳಿಸಿದರು.

ಶಿವನಂಜಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ನೋಡಿದರು.

"ಉಣ್ಣೆಗೆ ಮೈಲಿಗೆ ಇಲ್ಲ, ಒಪ್ಪಿದೆ. ಕುರಿಗೆ ಇದೆಯಲ್ಲ?"

"ನಿಂಗೆ ಶಾಸ್ತ್ರ ಗೊತ್ತಿಲ್ಲ, ಸುಮ್ನಿರು."

ಆಕೆ ಸುಮ್ಮನಾದರು. ಮೂಟೆಯಲ್ಲಿದ್ದ ರಕ್ತ ಹೀರುವ ಉಣುಗುಗಳು ಮಾತ್ರ ಸುಮ್ಮನಾಗಲಿಲ್ಲ. ಕುರಿಯನ್ನು ಕಳೆದುಕೊಂಡು ಹಸಿದು ಕೂತಿದ್ದವು, ಪಾಪ. ಬೆಳಗ್ಗೆ ಚಿಕ್ಕಬಸಪ್ಪನವರು ಅಂಗೈಯಲ್ಲಿ ಲಿಂಗ ಹಿಡಿದು, ಕಣ್ಣು ಅರೆಮುಚ್ಚಿ ಶಿವಪೂಜೆಗೆ ಕೂತಾಗ ಒಂದು ತೊಡೆ ಹತ್ತಿತು, ಇನ್ನೊಂದು ಬೆನ್ನು ಹತ್ತಿತು. ಪೂಜೆಯ ನಡುವೆ ಅಲುಗಾಡುವಂತಿಲ್ಲ, ಕೆರೆಯುವಂತಿಲ್ಲ. ದಿನಾ ಅಂಗಡಿಗೆ ಹೊತ್ತಾದರೂ ಮುಗಿಯದ ಶಿವಪೂಜೆ ಅವತ್ತು ಒಲೆಯ ಮೇಲಿನ ಹಾಲು ಉಕ್ಕುವುದರೊಳಗೆ ಮಂಗಳಾರತಿ ಮುಟ್ಟಿತು! ಧಾರಾಳವಾಗಿ ಕೆರೆದುಕೊಳ್ಳುತ್ತ ಹೊರಬಂದ ಗಂಡನನ್ನು ಶಿವನಂಜಮ್ಮ ಒಂದು ಗಳಿಗೆ ನೋಡಿದರು. ಏನೋ ಯೋಚಿಸಿದರು.

ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ರಾಟೆ ಪ್ರತಿಷ್ಠಾಪನೆಯಾಯಿತು. ಬಲಗೈ ಚಕ್ರ ತಿರುಗಿಸಬೇಕು, ಎಡಗೈ ಉಣ್ಣೆ ಎಳೆಯಬೇಕು, ನೂಲು ಕದಿರಿಗೆ ಸುತ್ತಿಕೊಳ್ಳಬೇಕು. ನೋಡುವುದಕ್ಕೆ ಸುಲಭ. ಆದರೆ ತಕ್ಕಡಿ ಹಿಡಿದು ಪಳಗಿದ ಕೈಗಳಿಗೆ ಒಂದು ಮೇಲೆ ಹೋದರೆ ಇನ್ನೊಂದು ಕೆಳಗೆ ಇಳಿಯುವುದೇ ಅಭ್ಯಾಸ. ಚಕ್ರ ತಿರುಗಿಸಿದಾಗ ಎಳೆಯುವುದು ಮರೆಯಿತು. ಎಳೆಯುವಾಗ ಚಕ್ರ ನಿಂತಿತು. ಎರಡೂ ಒಟ್ಟಿಗೆ ನಡೆದ ಒಂದು ಶುಭಗಳಿಗೆಯಲ್ಲಿ ಅವರ ಜುಟ್ಟೇ ಕದಿರಿಗೆ ಸುತ್ತಿಕೊಂಡಿತು. ಸಾಮಾನು ಕಟ್ಟಿಸಿಕೊಳ್ಳಲು ಬಂದವರು ಮೊದಲು ಸಾಹುಕಾರರನ್ನು ಬಿಡಿಸಿಕೊಂಡು, ಆಮೇಲೆ ಸಾಮಾನು ಕಟ್ಟಿಸಿಕೊಂಡು ಹೋದರು.

ಜಿಡ್ಡು ಕೈಯಲ್ಲೇ ಬೆಲ್ಲ, ಜಿಡ್ಡು ಕೈಯಲ್ಲೇ ಬೇಳೆ. ಗಾಳಿ ಬಂದಾಗಲೆಲ್ಲ ಕರಿ ಎಳೆಗಳು ಹಾರಿ ಬೆಲ್ಲದ ಮೇಲೆ ಕೂತವು. ಹಿಂದಿನ ಬೀದಿಯ ಸಾಕಮ್ಮ ಅಚ್ಚು ಬೆಲ್ಲವನ್ನು ವಾಪಸು ತಂದಿಟ್ಟು, "ಸಾವ್ಕಾರ್ರೇ, ನಿಮ್ ಬೆಲ್ಲಕ್ಕೆ ಗಡ್ಡ ಬಂದೈತೆ. ಕ್ಷೌರ ಮಾಡ್ಸಿ ಕೊಡಿ" ಅಂದಳು. ಊರಿಗೆಲ್ಲ ಅದೇ ಮಾತಾಯಿತು.

ಅಂತೂ ಮೊದಲನೆಯ ಮಾರುದ್ದದ ನೂಲು ಹುಟ್ಟಿತು! ಚಿಕ್ಕಬಸಪ್ಪನವರು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅಡುಗೆಮನೆಗೆ ಓಡಿದರು. ಒಂದು ಕಡೆ ಹೆಬ್ಬೆರಳಿನ ಗಾತ್ರ, ಇನ್ನೊಂದು ಕಡೆ ಇದೆಯೋ ಇಲ್ಲವೋ ಎಂಬಷ್ಟು ಸಣ್ಣ. ನಡುನಡುವೆ ಗಂಟು, ಗಂಟಿನ ತುದಿಗೆ ಗುಂಗುರು, ಗುಂಗುರಿನೊಳಗೆ ಮುಳ್ಳು.

"ಇದೇನ್ರೀ, ಹಾವು ಸಾಲಾಗಿ ಕಪ್ಪೆ ನುಂಗಿದ ಹಂಗದೆ?" ಅಂದರು ಶಿವನಂಜಮ್ಮ.

ಚಿಕ್ಕಬಸಪ್ಪನವರ ಮುಖ ಸಣ್ಣಗಾಯಿತು. ಆಗ ಸರ್ವಮಂಗಳ ರುಬ್ಬುವುದನ್ನು ಬಿಟ್ಟು ಬಂದು, ಆ ನೂಲನ್ನು ಬೆಳಕಿಗೆ ಹಿಡಿದು, ಮುಳ್ಳಿಲ್ಲದ ಒಂದು ಗುಂಗುರನ್ನು ಬೆರಳಿನಿಂದ ಮೆಲ್ಲಗೆ ಎಳೆದು ಬಿಟ್ಟಳು. ಅದು ಮತ್ತೆ ಸುರುಳಿ ಸುತ್ತಿಕೊಂಡಿತು. "ಚೆಂದಾಗದೆ ಕಣಪ್ಪಾಜಿ" ಅಂದಳು. ಅಷ್ಟು ಸಾಕಾಯಿತು ನೋಡಿ, ತಂದೆ ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟರು. ತಮ್ಮ ಬಾಯಿಬಡಾಯಿಯಿಂದ ಈ ಹುಡುಗಿಯ ಮದುವೆ ಮುರಿದುಬಿದ್ದರೆ ತಾವು ಮತ್ತೆ ಅವಳ ಮುಖ ನೋಡುವುದು ಹೇಗೆ? ಅವತ್ತು ಮೊದಲ ಸಲ ಅವರಿಗೆ ನಿಜವಾಗಿ ಭಯವಾಯಿತು. ಭಯವಾದ ಮೇಲೆ ಬಿಡದೆ ನೂತರು. ಅಂಗಡಿ ಬಾಗಿಲು ಹಾಕಿಕೊಂಡು ನೂತರು, ಗಿರಾಕಿಗಳನ್ನು ಬೈದು ಕಳಿಸಿ ನೂತರು, ಬೆರಳಿಗೆ ಮುಳ್ಳು ಚುಚ್ಚಿದರೆ ಬಾಯಲ್ಲಿಟ್ಟುಕೊಂಡು ನೂತರು. ಕಪ್ಪೆಗಳ ಸಂಖ್ಯೆ ಮಾತ್ರ ಕಡಿಮೆಯಾಗಲಿಲ್ಲ.

ನೂಲಿನ ಉಂಡೆಗಳು ಕುಳ್ಳಯ್ಯನ ಮಗ್ಗಕ್ಕೆ ಹೋದವು. ಗಂಟುಗಳು ಹಣಿಗೆಯ ಹಲ್ಲಿನಲ್ಲಿ ತೂರದೆ ಅವನು ಒಂದೊಂದನ್ನೂ ಕೈಯಿಂದ ಜಗ್ಗಿ, ತನಗೆ ಗೊತ್ತಿದ್ದ ಬೈಗುಳಗಳು ಮುಗಿದ ಮೇಲೆ ಹೊಸದನ್ನು ಕಟ್ಟಿ ಬೈದನಂತೆ. ನೇಯ್ದ ಮೇಲೆ ವಾಡಿಕೆಯಂತೆ ಹುಣಸೆಬೀಜದ ಗಂಜಿ ಬಳಿದ. ಮಾಮೂಲಿ ಕಂಬಳಿಗೆ ಗಂಜಿ ಹಿಡಿತ ಕೊಡುತ್ತದೆ. ಈ ಕಂಬಳಿಯ ಮೇಲೆ ಕುಣಿಯಬೇಕಾಗಿದ್ದ ಗುಂಗುರುಗಳೆಲ್ಲ ಗಂಜಿ ಕುಡಿದು ಸೆಟೆದು ನಿಂತವು, ಒಳಗಿನ ನೆಗ್ಗಿಲು ಮುಳ್ಳುಗಳನ್ನು ಎತ್ತಿ ಹಿಡಿದುಕೊಂಡು.

ವೀಳ್ಯದ ದಿನ ಬೆಳಗ್ಗೆ ಕುಳ್ಳಯ್ಯ ಕಂಬಳಿಯನ್ನು ತಂದು ಪಡಸಾಲೆಯ ಗೋಡೆಗೆ ಒರಗಿಸಿದ. ಹೌದು, ಒರಗಿಸಿದ, ಮಡಿಸಲು ಬರುತ್ತಿರಲಿಲ್ಲ. ಅದು ಯಾರ ಹಂಗೂ ಇಲ್ಲದೆ ತಾನೇ ನಿಂತಿತ್ತು. ಚಿಕ್ಕಬಸಪ್ಪನವರು ಅಂಗೈ ಒತ್ತಿ ನೋಡಿ ಹೌಹಾರಿ ಕೈ ಎಳೆದುಕೊಂಡರು.

ಇದರ ಮೇಲೆ ಲಿಂಗಯ್ಯನವರನ್ನು ಕೂರಿಸುವುದೇ? ಒಬ್ಬಟ್ಟಿಗೆ ಎದ್ದು ಹೋದ ಮನುಷ್ಯ ಮುಳ್ಳಿಗೆ ಎದ್ದು ಹೋಗನೇ? ಮೇಲೊಂದು ಜಮಖಾನ ಹಾಸಿಬಿಡೋಣ ಅಂದರು. ಪಕ್ಕದ ಮನೆಯವರ ನುಣ್ಣನೆ ಕಂಬಳಿ ತಂದು ತಮ್ಮದೇ ಅನ್ನೋಣ ಅಂದರು. ಕೊನೆಗೆ ತಮಗೆ ಜ್ವರ ಬಂದಿದೆ ಅನ್ನೋಣ ಅಂತಲೂ ಅಂದರು. ಶಿವನಂಜಮ್ಮ ಮಾತ್ರ ರಂಗೋಲಿ ಬಿಟ್ಟು, ಆ ಕಂಬಳಿಯನ್ನೇ ಎಳೆದು ತಂದು ಹಾಸಿ, ನಾಲ್ಕು ಮೂಲೆಗೆ ಅಕ್ಷತೆ ಹಾಕಿದರು.

"ನೂತಿದ್ದು ನೀವು, ಹಾಸೋದು ನಾನು. ನೀವು ಕೂತ್ಕೊಂಡು ಬಾಯಿ ಮುಚ್ಕೊಂಡಿದ್ರೆ ಆಯ್ತು" ಅಂದರು. ಮದುವೆಯಾದಾಗಿನಿಂದ ಆಕೆ ಅಷ್ಟು ಶಾಂತವಾಗಿ ಮಾತಾಡಿದ್ದನ್ನು ಅವರು ಕೇಳಿರಲಿಲ್ಲ.

ಬೀಗರು ಹೆಂಡತಿ, ಮಗನ ಸಮೇತ ಬಂದರು. ಷಣ್ಮುಖಪ್ಪನವರು ಕಂಬಳಿಯನ್ನು ಕಂಡು ಕೈಮುಗಿದರು. ಇದು ಬಜಾರಿನದಲ್ಲ, ಯಾವ ಕಸುಬುದಾರನ ಕೈಯದೂ ಅಲ್ಲ, ಒಬ್ಬ ತಂದೆ ಒದ್ದಾಡಿ ನೂತದ್ದು ಅಂತ ಎಂಥವರಿಗೂ ಗೊತ್ತಾಗುತ್ತದೆ ಅಂದರು. ಅದಂತೂ ಸರಿ, ಕುರುಡರಿಗೂ ಗೊತ್ತಾಗುತ್ತಿತ್ತು. ಭಕ್ತಿಯಿಂದ ಕೂತರು. ಕೂತವರು ಒಂದು ಗೇಣು ಮೇಲೆದ್ದು, ಸಾವರಿಸಿಕೊಂಡು ಮತ್ತೆ ಕೂತರು. ಲಿಂಗಯ್ಯನವರು ಎಂದಿನಂತೆ ದಿನವಿಡೀ ಕೂರುವವರ ಠೀವಿಯಲ್ಲಿ, ಶಲ್ಯ ಸರಿಮಾಡಿಕೊಂಡು, ಪೂರ್ತಿ ಭಾರ ಬಿಟ್ಟು ಕೂತರು. ಅವರ ಹುಬ್ಬು ಹಣೆಯ ವಿಭೂತಿಯವರೆಗೂ ಹೋಯಿತು. ಎದುರಿಗೆ ಚಿಕ್ಕಬಸಪ್ಪನವರು ಕೂತರು. ತಾವೇ ನೂತ ಕಪ್ಪೆಗಳು ತಮ್ಮನ್ನೇ ಬರಮಾಡಿಕೊಂಡವು.

ಈಗ ಸಂಕಟ ನೋಡಿ. ಚಿಕ್ಕಬಸಪ್ಪನವರು ಚುಚ್ಚುತ್ತದೆ ಅನ್ನುವಂತಿಲ್ಲ, ನೂತವರು ಅವರೇ. ಷಣ್ಮುಖಪ್ಪನವರು ಅನ್ನುವಂತಿಲ್ಲ, ಕೇಳಿದವರು ಅವರೇ. ಲಿಂಗಯ್ಯನವರು ಬಾಯಿ ತೆರೆಯುವಷ್ಟರಲ್ಲಿ ಷಣ್ಮುಖಪ್ಪನವರು ಕಣ್ಣಲ್ಲಿ ನೀರು ತುಂಬಿಕೊಂಡು, "ಕೈನೂಲಿನ ಬಿಸುಪೇ ಬೇರೆ ಅಲ್ವಾ ಮಾವ?" ಎಂದುಬಿಟ್ಟರು. ಲಿಂಗಯ್ಯನವರು ಬಾಯಿ ಮುಚ್ಚಿಕೊಂಡು ತಲೆಯಾಡಿಸಿದರು. ಉಣುಗುಗಳಲ್ಲಿ ಗಂಜಿಗೂ ಜಗ್ಗದೆ ಉಳಿದಿದ್ದ ಒಂದಿಬ್ಬರು ಗಟ್ಟಿಗರು ಆಗಲೇ ತೆಳ್ಳನೆ ಖಾದಿ ಪಂಚೆಯ ಒಳದಾರಿ ಹಿಡಿದಿದ್ದರು.

ಲಿಂಗಯ್ಯನವರು ಗಂಟಲು ಸರಿಮಾಡಿಕೊಂಡು ಶುರುಮಾಡಿದರು. ಮದುವೆ ಕಂಪಲಾಪುರದಲ್ಲೇ ಆಗಬೇಕು ಅಂದರು. ಆ ಕಡೆ ವಾಲಿದರು. ಚಿಕ್ಕಬಸಪ್ಪನವರು ಇಲ್ಲ ಅನ್ನುವ ಮೊದಲೇ, ಸಾಲಿಗ್ರಾಮದಲ್ಲಿ ಆದರೂ ಅಡ್ಡಿಯಿಲ್ಲ ಅಂದರು. ಈ ಕಡೆ ವಾಲಿದರು. ಐದು ದಿನದ ಮದುವೆ ಅಂದವರು ಇನ್ನೊಂದು ಸಲ ವಾಲುವಷ್ಟರಲ್ಲಿ ಒಂದು ದಿನಕ್ಕೆ ಇಳಿದರು. ಒಬ್ಬಟ್ಟೋ ಚಿರೋಟಿಯೋ ಅಂತ ಚಿಕ್ಕಬಸಪ್ಪನವರು ತಾವಾಗಿ ಕೇಳಿದರೆ, ಹಾಳಾಗಿ ಹೋಗಲಿ, ಹುಗ್ಗಿ ಹಾಕಿದರೂ ಉಣ್ಣುತ್ತೇವೆ ಅಂದರು. ವಾಲಗದವರು? ಅಟ್ಟದ ಮೇಲೆ ಕೂರಲಿ!

ಆ ಹೊತ್ತಿಗೆ ಶಿವನಂಜಮ್ಮ ಬಾಗಿಲಿಗೆ ಬಂದು ಸೆರಗು ಹೊದ್ದು ನಿಂತರು.

"ಆತುರ ಏನಣ್ಣಾ? ಕಾಫಿಗೆ ಇಟ್ಟಿದ್ದೀನಿ. ನಿಧಾನಕ್ಕೆ ಕೂತು ಮಾತಾಡಿ."

"ಕಾಫಿ ಬ್ಯಾಡ ಕಣವ್ವ" ಅಂದರು ಲಿಂಗಯ್ಯನವರು, ಜೀವ ಹಿಡಿದುಕೊಂಡು. "ವೀಳ್ಯ ತಂದ್ಬುಡು, ಬೇಗ."

ವೀಳ್ಯ ಬಂತು, ಕೈಬದಲಾಯಿತು. ಲಿಂಗಯ್ಯನವರ ಚರಿತ್ರೆಯಲ್ಲೇ ಇಲ್ಲದಂತೆ, ಒಲೆಯ ಮೇಲಿಟ್ಟ ಕಾಫಿಯ ನೀರು ಕುದಿಯುವ ಮೊದಲೇ ಒಂದು ಸಂಬಂಧ ಕುದುರಿತ್ತು! ಮೂವರೂ ಒಟ್ಟಿಗೆ ನೆಗೆದು ಎದ್ದರು. ಅವರ ಜೊತೆಗೆ ಕಂಬಳಿಯೂ ಎದ್ದಿತು. ನೆಗ್ಗಿಲು, ಉತ್ತರಾಣಿ ಎಲ್ಲ ಸೇರಿ ಮೂರು ಪಂಚೆಗಳನ್ನೂ ಕಚ್ಚಿ ಹಿಡಿದಿದ್ದವು. ಷಣ್ಮುಖಪ್ಪನವರು ಹಿತ್ತಲಿನ ಕಡೆ ಹೊರಟರು, ಲಿಂಗಯ್ಯನವರು ಬೀದಿಯ ಕಡೆ ಹೊರಟರು, ನಡುವೆ ಚಿಕ್ಕಬಸಪ್ಪನವರು ಇಬ್ಬರಿಗೂ ಉಪಚಾರ ಹೇಳುತ್ತ ಹಿಂದೆ ಮುಂದೆ ಎಳೆದಾಡಿಸಿಕೊಂಡರು. ಕೊನೆಗೆ ಮೂವರೂ ಪಂಚೆಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಕಂಬಳಿಯ ಸಮೇತ, ಮೆರವಣಿಗೆಯಾಗಿ ಕೋಣೆ ಸೇರಿ ಬಾಗಿಲು ಹಾಕಿಕೊಂಡರು. ಬಸವರಾಜು ಸೂರು ನೋಡುತ್ತ ತುಟಿ ಕಚ್ಚಿಕೊಂಡಿದ್ದ. ಸರ್ವಮಂಗಳ ರುಬ್ಬುಗುಂಡಿನ ಮೇಲೆ ಬಿದ್ದು ನಗುತ್ತಿದ್ದಳು.

ಸ್ವಲ್ಪ ಹೊತ್ತಿನ ಮೇಲೆ ಬೇರೆ ಪಂಚೆಯುಟ್ಟು ಹೊರಬಂದ ಚಿಕ್ಕಬಸಪ್ಪನವರಿಗೆ ಒಂದು ದೃಶ್ಯ ಕಂಡಿತು. ಅಡುಗೆಮನೆಯ ಬಾಗಿಲಲ್ಲಿ ಅವರ ಕಂಬಳಿ. ಅದರ ಒಂದು ತುದಿ ಶಿವನಂಜಮ್ಮನ ಕೈಯಲ್ಲಿ, ಇನ್ನೊಂದು ತುದಿ ಷಣ್ಮುಖಪ್ಪನವರ ಹೆಂಡತಿ ಸಿದ್ದಲಿಂಗಮ್ಮನ ಕೈಯಲ್ಲಿ. ನನಗೆ ಬೇಕು ಅಂತ ಆಕೆ, ಕೊಡುವುದಿಲ್ಲ ಅಂತ ಈಕೆ. ಕೂಡಿಕೊಂಡ ಗಳಿಗೆಯಲ್ಲೇ ಬೀಗಿತ್ತಿಯರು ಜಗ್ಗಾಡುತ್ತಿದ್ದರು!

ಚಿಕ್ಕಬಸಪ್ಪನವರ ಎದೆ ಉಬ್ಬಿತು. ಮೂಗಿನ ಏಟು, ಜುಟ್ಟಿನ ನೋವು, ಇದೀಗ ತಾನೇ ಕೂತೆದ್ದ ಜಾಗದ ಉರಿ, ಎಲ್ಲ ಮರೆತುಹೋಯಿತು. ಕೊನೆಗೂ ತಮ್ಮ ಕೈಚಳಕದ ಬೆಲೆ ತಿಳಿದವರು ಸಿಕ್ಕಿದರು.

"ಜಗಳ ಬ್ಯಾಡಿ, ಬುಡಿ" ಅಂದು ತೊಡೆ ತಟ್ಟಿದರು. ತಟ್ಟಿದ ಜಾಗದಲ್ಲಿ ಇನ್ನೂ ಒಂದು ಮುಳ್ಳಿತ್ತು. ಹಲ್ಲು ಕಚ್ಚಿ ಸಹಿಸಿಕೊಂಡರು. "ಇನ್ನೊಂದು ನೂತುಕೊಡ್ತೀನಿ. ಈ ಸಲ ಹೊಳೇಲಿ ತೊಳ್ದು, ಮುಳ್ಳು ಆರ್ಸಿ, ನುಣ್ಣಗೆ ತೆಗೀತೀನಿ ನೋಡಿ!"

ಇಬ್ಬರು ಹೆಂಗಸರೂ ಜಗ್ಗುವುದನ್ನು ನಿಲ್ಲಿಸಿದರು. ಸಿದ್ದಲಿಂಗಮ್ಮ ಗಾಬರಿಯಿಂದ ಬೀಗಿತ್ತಿಯ ಮುಖ ನೋಡಿದರು.

"ಧಾರಾಳವಾಗಿ ನೂಲಿ" ಅಂದರು ಶಿವನಂಜಮ್ಮ. "ತೊಳೆಯೋಕೆ ಮಾತ್ರ ಹೋಗಬ್ಯಾಡಿ."

"ಯಾಕೇ?"

"ಇದು ನಮ್ಮ ಬೀಗಿತ್ತಿಗೆ ಬೇಕಂತೆ. ಅವರ ಮನೇಲಿ ಲಿಂಗಯ್ಯನವರು ದಿನಾ ಬಂದು ಕೂತ್ಕತಾರೆ."

"ಮತ್ತೆ ಇನ್ನೊಂದು?"

ಶಿವನಂಜಮ್ಮ ಕಂಬಳಿಯ ತುದಿಯನ್ನು ಬೀಗಿತ್ತಿಯ ಕಡೆ ಬಿಟ್ಟು, ಗಂಡನ ತೊಡೆಯ ಕಡೆ ಒಮ್ಮೆ ನೋಡಿದರು.

"ಇನ್ನೊಂದು ನಮ್ಮನೇಗಿರ್ಲಿ. ತೊಡೆ ತಟ್ಟೋಕೆ ನೀವಿದ್ದೀರಲ್ಲ."